ಮಗನ ಆಸ್ತಿಯಲ್ಲಿ ಅಮ್ಮನಿಗೆ ಪಾಲು, ಅಪ್ಪನಿಗೆ?

ಹೈದರಾಬಾದಿನ ನಮ್ಮ ಆಫೀಸಿನಲ್ಲಿ ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದವರೇ ಹೆಚ್ಚು. ಪಿಎಫ್, ಇನ್ಶೂರೆನ್ಸ್, ಫ್ಲ್ಯಾಟಿನ ಸಾಲ ಎಲ್ಲದಕ್ಕೂ ಲೆಕ್ಕವಿಟ್ಟಿರುವ ಗೆಳೆಯರನ್ನು ನಾನು ಆಗಾಗ ಒಂದು ಪ್ರಶ್ನೆ ಕೇಳುತ್ತೇನೆ. ವಿಲ್ ಬರೆಯದೆ ನೀವು ತೀರಿಕೊಂಡರೆ ನಿಮ್ಮ ಅಪ್ಪನಿಗೆ ಎಷ್ಟು ಪಾಲು? ಹೆಚ್ಚಿನವರು ‘ಅಮ್ಮನಷ್ಟೇ’ ಎನ್ನುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಉತ್ತರ ಬೇರೆ. ಹೆಂಡತಿ, ಮಕ್ಕಳು, ತಾಯಿ ಇವರಲ್ಲಿ ಒಬ್ಬರಿದ್ದರೂ ತಂದೆಗೆ ಏನೂ ಇಲ್ಲ.

ಅಮ್ಮ ಮೊದಲೋ ಅಪ್ಪ ಮೊದಲೋ ಎಂಬ ಚರ್ಚೆ ತೀರಾ ಹಳೆಯದು. ಅದರ ಮುಖ್ಯ ಅಧ್ಯಾಯವೊಂದು ನಡೆದದ್ದು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಅಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಗಂಡುಮಕ್ಕಳು, ಹೆಂಡತಿ, ಹೆಣ್ಣುಮಕ್ಕಳು ಯಾರೂ ಇಲ್ಲದವನ ಆಸ್ತಿ ‘ಪಿತರೌ’ ಅಂದರೆ ತಂದೆತಾಯಿಗೆ ಎಂದು ಸ್ಮೃತಿ ಹೇಳಿತ್ತು. ಇಬ್ಬರಲ್ಲಿ ಯಾರಿಗೆ ಮೊದಲು? ತಾಯಿಗೆ ಎಂದ ವಿಜ್ಞಾನೇಶ್ವರ. ಆ ಪದವನ್ನು ಬಿಡಿಸಿದರೆ ತಾಯಿಯೇ ಮೊದಲು ಬರುತ್ತಾಳೆ ಎಂಬುದು ಒಂದು ಕಾರಣ. ತಂದೆ ಬೇರೆ ಹೆಂಡತಿಯರ ಮಕ್ಕಳಿಗೂ ತಂದೆ, ತಾಯಿ ಹಾಗಲ್ಲ, ಆದ್ದರಿಂದ ಅವಳೇ ಹೆಚ್ಚು ಹತ್ತಿರದವಳು ಎಂಬುದು ಇನ್ನೊಂದು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಬಂಗಾಳದಲ್ಲಿ ಜೀಮೂತವಾಹನನ ‘ದಾಯಭಾಗ’ ತಂದೆಗೆ ಮೊದಲ ಸ್ಥಾನ ಕೊಟ್ಟಿತು. ನೀಲಕಂಠನ ‘ವ್ಯವಹಾರ ಮಯೂಖ’ವೂ ಅದನ್ನೇ ಹೇಳಿತು; ಗುಜರಾತ್ ಮತ್ತು ಮುಂಬಯಿ ದ್ವೀಪದಲ್ಲಿ ನಡೆದದ್ದು ಅದರ ಮಾತು. 1810ರಲ್ಲಿ ಕೋಲ್‌ಬ್ರೂಕ್ ದಾಯಭಾಗವನ್ನೂ ಮಿತಾಕ್ಷರದ ಆಸ್ತಿ ಭಾಗವನ್ನೂ ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳು ಈ ಗ್ರಂಥಗಳನ್ನೇ ಕಾನೂನಿನಂತೆ ಓದತೊಡಗಿದವು. ತಾಯಿಗೆ ಬಂದ ಆಸ್ತಿಯನ್ನು ಆಕೆ ಬದುಕಿರುವವರೆಗೆ ಅನುಭವಿಸಬಹುದಿತ್ತು, ಮನಬಂದಂತೆ ಮಾರುವಂತಿರಲಿಲ್ಲ.

1956ರ ಕಾಯ್ದೆ ಈ ಪ್ರಾಂತ್ಯಭೇದವನ್ನು ಅಳಿಸಿತು, ಹೆಣ್ಣಿಗೆ ಪೂರ್ಣ ಒಡೆತನ ಕೊಟ್ಟಿತು. ಹೆಂಡತಿ, ಮಕ್ಕಳ ಜೊತೆ ತಾಯಿಯನ್ನು ಮೊದಲ ವರ್ಗಕ್ಕೆ ಸೇರಿಸಿ ಸಮಪಾಲು ಮಾಡಿತು. ತಂದೆಯನ್ನು ಎರಡನೇ ವರ್ಗದಲ್ಲಿಟ್ಟಿತು. ಮೊದಲ ವರ್ಗದಲ್ಲಿ ಯಾರೂ ಇಲ್ಲದಿದ್ದರೆ ಮಾತ್ರ ಅವನ ಸರದಿ. ಆಸ್ತಿಯೆಲ್ಲ ಹಿರಿಯನ ಹೆಸರಲ್ಲೇ ಇರುತ್ತಿದ್ದ ಕಾಲಕ್ಕೆ ಇದು ಅಷ್ಟು ಚುಚ್ಚಿರಲಿಕ್ಕಿಲ್ಲ. ಈಗ ಮಗನ ಓದಿಗೆ ಹೊಲ ಮಾರಿದ ಅಪ್ಪ ಊರಲ್ಲಿದ್ದಾನೆ, ಫ್ಲ್ಯಾಟು ಮಗನ ಹೆಸರಲ್ಲಿ ಪರವೂರಿನಲ್ಲಿದೆ. ಅಮ್ಮ ಮೊದಲೇ ತೀರಿಕೊಂಡಿದ್ದರೆ ಆ ಮುದುಕನ ಪಾಡೇನು?

ಹೆಣ್ಣುಮಕ್ಕಳು ದುಡಿದದ್ದರ ಕತೆ ಇನ್ನೂ ಕಠಿಣ. ಮಕ್ಕಳಿಲ್ಲದ ವಿಧವೆ ವಿಲ್ ಬರೆಯದೆ ತೀರಿಕೊಂಡರೆ ಅವಳ ಸ್ವಂತ ಗಳಿಕೆ ಮೊದಲು ಗಂಡನ ವಾರಸುದಾರರಿಗೆ; ಹೆತ್ತವರು ಆಮೇಲೆ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಮೊಕದ್ದಮೆಯಲ್ಲಿ, ಮದುವೆಯಾದ ಮೂರೇ ತಿಂಗಳಲ್ಲಿ ಗಂಡ ಹಾವು ಕಚ್ಚಿ ಸತ್ತು, ಗಂಡನ ಮನೆಯವರು ಹೊರಗಟ್ಟಿದ ಹೆಣ್ಣೊಬ್ಬಳಿದ್ದಳು. ತವರಿನವರು ಓದಿಸಿದರು, ಕೆಲಸ ಹಿಡಿದಳು, 1996ರಲ್ಲಿ ವಿಲ್ ಇಲ್ಲದೆ ತೀರಿಕೊಂಡಳು. ಅವಳ ಹಣ ಗಂಡನ ಅಕ್ಕತಂಗಿಯ ಮಕ್ಕಳ ಪಾಲಾಯಿತು. ಅನುಕಂಪ ಬೇರೆ, ಕಾನೂನು ಬೇರೆ ಎಂಬುದು ಕೋರ್ಟಿನ ನಿಲುವಾಗಿತ್ತು.

ತಂದೆಗೆ ದಾರಿಯೇ ಇಲ್ಲವೆಂದಲ್ಲ. 1956ರದ್ದೇ ಇನ್ನೊಂದು ಕಾಯ್ದೆಯ ಪ್ರಕಾರ, ಸತ್ತವನ ಆಸ್ತಿ ಪಡೆದವರು ಅವನ ಅವಲಂಬಿತ ತಂದೆತಾಯಿಯನ್ನು ಆ ಆಸ್ತಿಯಿಂದ ಸಾಕಬೇಕು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಮಕ್ಕಳಿಂದಲೂ ದೊಡ್ಡವರಾದ ಮೊಮ್ಮಕ್ಕಳಿಂದಲೂ ಜೀವನಾಂಶ ಕೇಳಬಹುದು. ಸೊಸೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಆದರೆ ಎಪ್ಪತ್ತೈದು ದಾಟಿದವರು ಮಗನನ್ನು ಕಳೆದುಕೊಂಡ ದುಃಖದಲ್ಲಿ ಸೊಸೆ, ಮೊಮ್ಮಕ್ಕಳ ಎದುರು ಅರ್ಜಿ ಹಿಡಿದು ನಿಲ್ಲಬೇಕೆ?

ಇದಕ್ಕೆ ಬೇಕಾದ್ದು ಒಂದು ಹಾಳೆ. ಸ್ವಂತ ಗಳಿಕೆಯನ್ನು ಯಾರಿಗೆ ಬೇಕಾದರೂ ಬರೆದಿಡಬಹುದು. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ; ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಕನ್ನಡದಲ್ಲೇ ಬರೆಯಬಹುದು. ಬ್ಯಾಂಕಿನಲ್ಲಿ ಅಪ್ಪನನ್ನು ನಾಮಿನಿ ಮಾಡಿದ್ದೇನಲ್ಲ ಎನ್ನಬೇಡಿ. ಅಲ್ಲಿ ನಾಮಿನಿ ಹಣ ಪಡೆದುಕೊಳ್ಳುವವನಷ್ಟೇ, ಒಡೆಯನಲ್ಲ.

ವಿಜ್ಞಾನೇಶ್ವರನಾಗಲಿ ಪಾರ್ಲಿಮೆಂಟಾಗಲಿ ಪಟ್ಟಿ ಮಾಡಿದ್ದು ಏನನ್ನೂ ಹೇಳದೆ ಹೋದವರಿಗಾಗಿ. ನಾವು ಹೇಳಬಲ್ಲವರು. ಮುಂದಿನ ಸಲ ಊರಿಗೆ ಹೋಗುವ ಮುನ್ನ ಬರೆದಿಡಿ. ಹೆಂಡತಿ ಅಥವಾ ಗಂಡನ ಜೊತೆ ಕೂತು, ಎರಡೂ ಕಡೆಯ ಹಿರಿಯರನ್ನು ನೆನೆದು ಬರೆದರೆ ಇನ್ನೂ ಒಳ್ಳೆಯದು.