ಕೆರೆಯಂಗಳದಲ್ಲಿ ನಾಡಿನ ಪಾಠ

ಮಾರ್ಗಶಿರ ಮಾಸದ ಚಳಿಯಲ್ಲಿ, ಮೂಡಲು ಬೆಳಗುವುದಕ್ಕೆ ಮುನ್ನವೇ, ದೂರದ ಜಿಲ್ಲೆಗಳಿಂದ ಇರುಳೆಲ್ಲ ಪಯಣಿಸಿ ಬಂದ ಶಾಲಾಬಾಲಕರು ಬೆಂಗಳೂರಿನ ಗಾಂಧಿನಗರದ ಮಗ್ಗುಲಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿಳಿದು, ನಿದ್ದೆಗಣ್ಣಿನಲ್ಲಿಯೇ ಒಬ್ಬರ ಕೈಯನ್ನೊಬ್ಬರು ಹಿಡಿದು ಸಾಲಾಗಿ ನಿಲ್ಲುವ ದೃಶ್ಯವನ್ನು ನಾನು ಅನೇಕ ವರ್ಷಗಳಿಂದ ಕಾಣುತ್ತ ಬಂದಿದ್ದೇನೆ. ಒಮ್ಮೆ ರಾಯಚೂರು ಸೀಮೆಯ ಮಕ್ಕಳಿಗೆ ಅವರ ಉಪಾಧ್ಯಾಯರು, ಕೆಂಪೇಗೌಡರು ಕಟ್ಟಿಸಿದ ಧರ್ಮಾಂಬುಧಿ ಕೆರೆ ಇದೇ ಎಂದು ಹೇಳುತ್ತಿರಲು, ಸಾಲಿನ ಕೊನೆಯಲ್ಲಿದ್ದ ಹುಡುಗಿಯೊಬ್ಬಳು, “ನೀರೆಲ್ಲಿ ಅದಾವ್ರಿ ಸರ?” ಎಂದಳು. “ನಾವು ನಿಂತೀವಲ್ಲವಾ, ಇದ ಕೆರಿ ಅಂಗಳ” ಎಂದರು ಮೇಷ್ಟರು. ಆಕೆ ಬಗ್ಗಿ ತನ್ನ ಕಾಲ ಕೆಳಗಿನ ಸಿಮೆಂಟಿನ ನೆಲವನ್ನು ನೋಡಿದಳು.

ಮಕ್ಕಳಿಗೆ ಅವರ ನಾಡನ್ನು ಪರಿಚಯಮಾಡಿಕೊಡುವ ಈ ಪದ್ಧತಿಯು ನಾವೆಣಿಸುವಷ್ಟು ಪ್ರಾಚೀನವಾದುದಲ್ಲ. ಹಿಂದಿನ ಕಾಲದ ಊರಶಾಲೆಯಾದ ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿಯನ್ನೊಪ್ಪಿಸಿ, ಅಮರಕೋಶವನ್ನೂ ಜೈಮಿನಿ ಭಾರತವನ್ನೂ ಕಂಠಪಾಠ ಮಾಡಿದ ಬಾಲಕನಿಗೆ ತನ್ನ ಊರಿನ ಹಳ್ಳವು ಯಾವ ಹೊಳೆಯನ್ನು ಕೂಡುತ್ತದೆಂಬುದನ್ನು ಐಗಳು ಪಾಠವಾಗಿ ಹೇಳುತ್ತಿರಲಿಲ್ಲ. ಅದನ್ನು ಅವನು ದನ ಕಾಯುತ್ತ ತಾನಾಗಿಯೇ ಅರಿಯುತ್ತಿದ್ದನು. ಭೂಗೋಳವೂ ಚರಿತ್ರೆಯೂ ಪಠ್ಯವಿಷಯಗಳಾಗಿ ಶಾಲೆಯೊಳಕ್ಕೆ ಪ್ರವೇಶಿಸಿದುದು ಹತ್ತೊಂಬತ್ತನೆಯ ಶತಮಾನದಲ್ಲಿ, ಸರ್ಕಾರಿ ಶಾಲೆಗಳೊಡನೆ.

ಆ ಪ್ರಸಂಗದಲ್ಲಿ ಸ್ಮರಿಸಲೇಬೇಕಾದ ಹೆಸರು ಬೆಂಜಮಿನ್ ಲೂಯಿಸ್ ರೈಸ್ ಅವರದು. 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿ, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ, ಬಳಿಕ ವಿದ್ಯಾ ಇಲಾಖೆಯ ಅಧಿಕಾರಿಗಳಾಗಿ, 1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಸಿದ್ಧಪಡಿಸಿದ ಈ ಮಹನೀಯರು, ಶಾಲೆಗಳ ತನಿಖೆಗೆಂದು ಕುದುರೆಯೇರಿ ಹಳ್ಳಿಹಳ್ಳಿಗೆ ಹೋದಾಗ ಗುಡಿಯ ಬಾಗಿಲಲ್ಲಿ, ಕೆರೆಯ ಏರಿಯಲ್ಲಿ, ಹೊಲದ ಬದುವಿನಲ್ಲಿ ನಿಂತಿದ್ದ ಶಿಲಾಶಾಸನಗಳತ್ತ ಮನಸೋತು, ಕಡೆಗೆ ಸುಮಾರು 9,000 ಶಾಸನಗಳನ್ನು 12 ಸಂಪುಟಗಳ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಅಚ್ಚುಹಾಕಿಸಿದರು. ಶಾಲೆಯ ಮೇಲ್ವಿಚಾರಣೆಯೂ ನಾಡಿನ ಚರಿತ್ರೆಯ ಶೋಧನೆಯೂ ಒಬ್ಬನೇ ವ್ಯಕ್ತಿಯ ಒಂದೇ ಪ್ರಯಾಣದಲ್ಲಿ ಕೂಡಿಬಂದವೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಗೌರವದಿಂದ ಬಾಗುತ್ತದೆ.

ರೈಸ್ ಅವರ ಬಳಿಕ ಪ್ರಾಚ್ಯವಸ್ತು ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ, ಬೆಂಗಳೂರಿನ ಅಂಚಿನ ಬೇಗೂರಿನ ಗಂಗರ ಕಾಲದ ವೀರಗಲ್ಲು ‘ಬೆಂಗಳೂರು’ ಕಾಳಗವೊಂದನ್ನು ಹೆಸರಿಸುತ್ತದೆ. ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟುವುದಕ್ಕೆ ಆರು ಶತಮಾನಗಳಿಗೂ ಹಿಂದೆ ಈ ಹೆಸರು ಜನರ ನಾಲಗೆಯ ಮೇಲಿತ್ತು. ಬೆಂದಕಾಳಿನಿಂದ ಊರಿಗೆ ಹೆಸರು ಬಂದಿತೆಂಬ ಕಥೆಯನ್ನು ಹೇಳುವ ಉಪಾಧ್ಯಾಯರು ಮರುದಿನವಾದರೂ ಈ ಕಲ್ಲನ್ನು ಮಕ್ಕಳಿಗೆ ತೋರಿಸಬೇಕು. ಮೆಜೆಸ್ಟಿಕ್ಕೆಂದು ಕರೆಯುವ ಆ ಬಸ್ ನಿಲ್ದಾಣದಿಂದ ಕೆಂಪೇಗೌಡ ರಸ್ತೆ ಹಿಡಿದು ನಡೆದರೆ ಸಿಗುವುದು ನೃಪತುಂಗ ರಸ್ತೆ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಅಲ್ಲಿದೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿನ ಮೇರೆಯನ್ನು ನುಡಿದ ‘ಕವಿರಾಜಮಾರ್ಗ’ವು ರಚಿತವಾದುದು ಆ ರಸ್ತೆಗೆ ಹೆಸರಾದ ನೃಪತುಂಗ ದೊರೆಯ ಆಸ್ಥಾನದಲ್ಲಿ; ನಮ್ಮ ಭಾಷೆಯಲ್ಲಿ ಉಳಿದಿರುವ ಮೊದಲ ಭೂಗೋಳಪಾಠವನ್ನು ಒಂಬತ್ತನೆಯ ಶತಮಾನದ ಆ ಗ್ರಂಥದಲ್ಲಿಯೇ ನಾನು ಕಾಣುತ್ತೇನೆ.

ಆದರೆ ಆ ಮೇರೆಯೊಳಗಿನ ಮಕ್ಕಳು ಬಹುಕಾಲ ಒಂದೇ ನಕ್ಷೆಯನ್ನು ನೋಡಲಿಲ್ಲ. ಮೈಸೂರಿನ ಬಾಲಕನಿಗೆ ಮೈಸೂರು ಸಂಸ್ಥಾನ, ಧಾರವಾಡದವನಿಗೆ ಮುಂಬಯಿ ಪ್ರಾಂತ, ಮಂಗಳೂರಿನವನಿಗೆ ಮದರಾಸು, ಕಲಬುರ್ಗಿಯವನಿಗೆ ನಿಜಾಮರ ರಾಜ್ಯ. ಹಂಪೆಯ ಹಾಳುಗೋಡೆಗಳ ನಡುವೆ ನಿಂತು ಈ ದುಃಖವನ್ನು ಅನುಭವಿಸಿದ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. 1953ರಲ್ಲಿ ಬಳ್ಳಾರಿ ಕೂಡಿತು. 1956ರ ನವೆಂಬರ್ 1ರಂದು ಉಳಿದ ಸೀಮೆಗಳು ಸೇರಿ ಗೋಡೆಯ ನಕ್ಷೆ ದೊಡ್ಡದಾಯಿತು, ಆದರೆ ಕಾಸರಗೋಡು ಹೊರಗುಳಿಯಿತು. 1973ರಲ್ಲಿ ಆ ನಕ್ಷೆಗೆ ಕರ್ನಾಟಕವೆಂಬ ಹೆಸರು ಬಂದಿತು.

ಈಗ ಮತ್ತೆ ಆ ಕೆರೆಯಂಗಳಕ್ಕೆ ಬರೋಣ. ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಜಲಾಶಯದಿಂದ 1890ರ ದಶಕದಲ್ಲಿ ಕೊಳಾಯಿಯ ನೀರು ಬರುವವರೆಗೆ ಪೇಟೆಯ ಜನರಿಗೆ ನೀರೂಡಿಸಿದ ಕೆರೆಗಳಲ್ಲಿ ಧರ್ಮಾಂಬುಧಿಯೂ ಒಂದು. ಕೊಳಾಯಿ ಬಂದ ಮೇಲೆ ಕೆರೆಯ ಮೇಲಿನ ಅಕ್ಕರೆ ಬತ್ತಿತು. ಕೆರೆಯೂ ಬತ್ತಿ, ಸುಭಾಷನಗರವೆಂಬ ಮೈದಾನವಾಗಿ, ಕಡೆಗೆ ಬಸ್ಸುಗಳ ತಂಗುದಾಣವಾಯಿತು. ದಡದ ಅಣ್ಣಮ್ಮ ದೇವಿ ಮಾತ್ರ ಇದ್ದಲ್ಲಿಯೇ ಇದ್ದಾಳೆ. ಈ ಊರು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದ ದಿಣ್ಣೆಯ ಮೇಲಿದೆ; ದಿಣ್ಣೆಯ ಪಡುವಣ ಮಗ್ಗುಲಿನ ಮಳೆನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ, ಮೂಡಣ ಮಗ್ಗುಲಿನದು ದಕ್ಷಿಣ ಪಿನಾಕಿನಿಗೂ ಹರಿಯುತ್ತದೆ. ದೊಡ್ಡ ಹೊಳೆಯಿಲ್ಲದ ಊರು ಕೆರೆಗಳನ್ನು ಕಟ್ಟಿಕೊಂಡೇ ಬಾಳಬೇಕಾಗಿತ್ತು. ಪಠ್ಯಪುಸ್ತಕವು ಬಾದಾಮಿ, ಹಳೇಬೀಡುಗಳ ಚಿತ್ರದಿಂದ ಆರಂಭವಾಗುವ ಬದಲು ಮಗುವಿನ ಊರಿನ ಕೆರೆಯಿಂದ ಆರಂಭವಾಗಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ಏಕೆಂದರೆ ಕೆರೆಯಲ್ಲಿ ಭೂಗೋಳವಿದೆ, ಕಟ್ಟಿಸಿದವರ ಚರಿತ್ರೆಯಿದೆ, ದಡದ ದೇವತೆಯ ಜಾತ್ರೆಯಿದೆ.

ಅಂದು ಆ ಮೇಷ್ಟರು ಮಕ್ಕಳನ್ನು ನಿಲ್ದಾಣದ ಅಂಚಿನ ಟ್ಯಾಂಕ್ ಬಂಡ್ ರಸ್ತೆಯವರೆಗೆ ಕರೆದೊಯ್ದು, ಫಲಕವನ್ನು ಓದಿಸಿ, ಬಂಡ್ ಎಂದರೇನೆಂದು ಕೇಳಿದರು. ಬಳಿಯಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ತಲೆಯೆತ್ತಿ, “ಏರಿ ಕಣವ್ವ, ಕೆರೆ ಏರಿ” ಎಂದಳು. ಬಗ್ಗಿ ನೆಲ ನೋಡಿದ್ದ ಆ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ನಮ್ಮ ಕಡೆ ಅದಕ್ಕ ಒಡ್ಡು ಅಂತಾರ್ರಿ” ಎಂದು ಅವಳಿಗೆ ಹೇಳಿದಳು.