ಶಿಲೀಭೂತ ಮರ: ಕಾಂಡವು ಕಲ್ಲಾಗುವ ಬಗೆ

ಶಿಲೀಭೂತ ಮರ ಎಂದರೇನು?

ಪ್ರಾಚೀನ ಕಾಲದ ಮರವೊಂದು ತನ್ನ ಆಕಾರವನ್ನೂ ಒಳರಚನೆಯನ್ನೂ ಉಳಿಸಿಕೊಂಡು ಖನಿಜವಾಗಿ ಪರಿವರ್ತನೆ ಹೊಂದಿದ್ದರೆ ಅದನ್ನು ಶಿಲೀಭೂತ ಮರ ಎನ್ನುತ್ತಾರೆ. ಅನೇಕ ಸಸ್ಯ ಪಳೆಯುಳಿಕೆಗಳು ಬಂಡೆಯ ಮೇಲೆ ಮೂಡಿದ ಅಚ್ಚುಗಳು ಮಾತ್ರ. ಇಲ್ಲಿ ಕಾಂಡವು ಉದ್ದ, ಅಗಲ, ದಪ್ಪಗಳೊಡನೆ ಉಳಿದಿರುತ್ತದೆ. ನೋಟಕ್ಕೆ ಅದು ಗಂಟು ಮತ್ತು ಉಂಗುರಗಳಿರುವ ದಿಮ್ಮಿ. ಗಡಸುತನದಲ್ಲಿ ಬೆಣಚುಕಲ್ಲಿಗೆ ಸಮ.

ರೂಪುಗೊಳ್ಳುವ ಬಗೆ

ಬಿದ್ದ ಮರ ಸಾಮಾನ್ಯವಾಗಿ ಕೊಳೆತು ಮಣ್ಣಾಗುತ್ತದೆ. ಅದು ಕಲ್ಲಾಗಬೇಕಾದರೆ ಶಿಲೀಂಧ್ರ, ಕೀಟಗಳ ಪಾಲಾಗುವ ಮೊದಲೇ ಹೂತುಹೋಗಬೇಕು. ಪ್ರವಾಹದ ಹೂಳು ಅಥವಾ ಜ್ವಾಲಾಮುಖಿಯ ಬೂದಿ ಅದನ್ನು ಮುಚ್ಚಿದಾಗ ಆಮ್ಲಜನಕ ವಿರಳವಾಗಿ ಕೊಳೆಯುವಿಕೆ ನಿಧಾನಗೊಳ್ಳುತ್ತದೆ.

ಮುಂದಿನ ಕೆಲಸ ಅಂತರ್ಜಲದ್ದು. ಬೂದಿ ಮತ್ತು ಮರಳಿನಿಂದ ಸಿಲಿಕಾವನ್ನು ಕರಗಿಸಿಕೊಂಡ ನೀರು ಮರದ ಸೂಕ್ಷ್ಮ ನಾಳಗಳೊಳಗೆ ಇಳಿಯುತ್ತದೆ. ಸಿಲಿಕಾ ಮೊದಲು ಕೋಶಭಿತ್ತಿಗಳಿಗೆ ಅಂಟಿಕೊಂಡು, ಬಳಿಕ ಕೋಶಗಳ ಟೊಳ್ಳನ್ನೂ ತುಂಬುತ್ತದೆ. ಇದೇ ವೇಳೆಗೆ ಮರದ ಮೂಲದ್ರವ್ಯ ಅಲ್ಪಾಲ್ಪವಾಗಿ ಕ್ಷಯಿಸುತ್ತದೆ. ಇಲ್ಲಿ ಎಲ್ಲವೂ ಎರಡು ವೇಗಗಳನ್ನು ಅವಲಂಬಿಸಿದೆ. ಮರ ಬೇಗ ಕೊಳೆತರೆ ಉಳಿಯುವುದು ಹೊರ ಆಕಾರವಷ್ಟೇ. ಖನಿಜ ಮುಂದಾದರೆ ಒಂದೊಂದು ಕೋಶದ ರಚನೆಯೂ ಸೂಕ್ಷ್ಮದರ್ಶಕದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಉಳಿಯುತ್ತದೆ. ಮೊದಲು ಓಪಲ್ ಆಗಿ ಸಂಗ್ರಹವಾಗುವ ಸಿಲಿಕಾ, ಕಾಲಾಂತರದಲ್ಲಿ ನೀರಿನಂಶ ಕಳೆದುಕೊಂಡು ಬೆಣಚುಕಲ್ಲಾಗುತ್ತದೆ.

ಈ ಕ್ರಿಯೆಯ ಆರಂಭಕ್ಕೆ ಲಕ್ಷಾಂತರ ವರ್ಷಗಳು ಬೇಕೆಂದಿಲ್ಲ. ಜಪಾನಿನ ತಾತೆಯಾಮಾದ ಬಿಸಿನೀರಿನ ಬುಗ್ಗೆಯಲ್ಲಿ ಇರಿಸಿದ್ದ ಮರದ ತುಂಡುಗಳಲ್ಲಿ 7 ವರ್ಷಗಳೊಳಗೆ ಸಾಕಷ್ಟು ಸಿಲಿಕಾ ಸೇರಿದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಬಣ್ಣಗಳು

ಶುದ್ಧ ಸಿಲಿಕಾ ವರ್ಣರಹಿತ. ಕೆಂಪು, ಹಳದಿ, ಕಂದು ಬಣ್ಣಗಳು ಕಬ್ಬಿಣದ ಸಂಯುಕ್ತಗಳಿಂದಲೂ ಕಪ್ಪು ಛಾಯೆ ಮ್ಯಾಂಗನೀಸ್ ಅಥವಾ ಉಳಿದ ಇಂಗಾಲದಿಂದಲೂ ಬರುತ್ತವೆ.

ತಿರುವಕ್ಕರೈ

ತಮಿಳುನಾಡಿನ ವಿಳುಪ್ಪುರಂ ಜಿಲ್ಲೆಯ ತಿರುವಕ್ಕರೈ, ಪುದುಚೇರಿಗೆ ಸಮೀಪದ ಗ್ರಾಮ. ಇಲ್ಲಿನ ಕಡಲೂರು ಮರಳುಗಲ್ಲಿನ ಪದರಗಳಲ್ಲಿ ಸುಮಾರು 2 ಕೋಟಿ ವರ್ಷ ಹಳೆಯ ಕಾಂಡಗಳು ಚದುರಿವೆ. ಕೆಲವು 15 ಮೀಟರಿನಷ್ಟು ಉದ್ದವಾಗಿವೆ. ಫ್ರೆಂಚ್ ನಿಸರ್ಗ ವಿಜ್ಞಾನಿ ಸೊನೆರಾ 18ನೇ ಶತಮಾನದಲ್ಲೇ ಇವುಗಳನ್ನು ದಾಖಲಿಸಿದ್ದ. ಕಾಂಡಗಳಿಗೆ ಬೇರೂ ಇಲ್ಲ, ಕೊಂಬೆಯೂ ಇಲ್ಲ. ಆದ್ದರಿಂದ ಇವು ಅಲ್ಲೇ ಬೆಳೆದವಲ್ಲ, ಪ್ರವಾಹದಲ್ಲಿ ತೇಲಿಬಂದು ಹೂತವು ಎಂಬುದು ಭೂವಿಜ್ಞಾನಿಗಳ ನಿರ್ಣಯ. ಸಾಕ್ಷ್ಯದ ಕೊರತೆಯೇ ಇಲ್ಲಿ ಬಲವಾದ ಸಾಕ್ಷ್ಯವಾಗಿರುವುದು ಗಮನಾರ್ಹ.

ಅಧ್ಯಯನದ ಉಪಯೋಗ

ಉಂಗುರಗಳ ಅಗಲದಿಂದ ಆ ಕಾಲದ ಋತುಮಾನವನ್ನು, ಕೋಶಗಳ ಜೋಡಣೆಯಿಂದ ಮರದ ಕುಟುಂಬವನ್ನು ಗುರುತಿಸಬಹುದು. ರಾಜಸ್ಥಾನದ ಜೈಸಲ್ಮೇರ್ ಬಳಿಯ ಆಕಲ್‌ನಲ್ಲಿ ದೊರೆತ ಸುಮಾರು 18 ಕೋಟಿ ವರ್ಷ ಹಳೆಯ ಕಾಂಡಗಳು, ಇಂದಿನ ಮರುಭೂಮಿಯಲ್ಲಿ ಹಿಂದೆ ತೇವಭರಿತ ಹವೆ ಇತ್ತೆಂದು ತಿಳಿಸುತ್ತವೆ.

ಸಂರಕ್ಷಣೆ

ತಿರುವಕ್ಕರೈಯಲ್ಲಿ ಈ ಕಾಂಡಗಳಿರುವ ಉದ್ಯಾನವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ನೋಡಿಕೊಳ್ಳುತ್ತಿದೆ. ಯಾವ ಪದರದಲ್ಲಿ, ಯಾವ ದಿಕ್ಕಿಗೆ ಬಿದ್ದಿತ್ತು ಎಂಬ ಮಾಹಿತಿ ತಪ್ಪಿದರೆ ಪಳೆಯುಳಿಕೆಯ ವೈಜ್ಞಾನಿಕ ಮೌಲ್ಯ ಬಹುಪಾಲು ನಷ್ಟವಾಗುತ್ತದೆ. ಆದ್ದರಿಂದ ಭೇಟಿ ನೀಡುವವರು ಅಲ್ಲಿಂದ ಒಂದು ಚೂರನ್ನೂ ಎತ್ತಿಕೊಂಡು ಬರಬಾರದು.