ದೀಪ ಹಿಡಿದವಳು ರವಿವರ್ಮನ ಚಿತ್ರ ಅಲ್ಲ

ಹೋದ ಭಾನುವಾರ ಅಬಿಡ್ಸ್‌ಗೆ ಹೋಗಿದ್ದೆ. ಹೈದರಾಬಾದಿನಲ್ಲಿರೋ ನಮ್ಮವರಿಗೆ ಗೊತ್ತಿರುತ್ತೆ, ಅವತ್ತು ಮುಚ್ಚಿದ ಅಂಗಡಿಗಳ ಮುಂದೆ ಫುಟ್‌ಪಾತ್ ತುಂಬ ಹಳೇ ಪುಸ್ತಕ. ಒಂದು ರಾಶಿಯ ಮೇಲೆ ನಮ್ಮ ಮೈಸೂರಿನ ದೀಪ ಹಿಡಿದ ಹೆಂಗಸಿನ ಪ್ರಿಂಟ್ ಇತ್ತು. ಎಷ್ಟು ಅಂತ ಕೇಳಿದೆ. "ರವಿವರ್ಮಾ ಕಾ ಹೈ ಸಾಬ್" ಅಂದ.

ಅವನನ್ನೇನು ಅನ್ನೋದು, ಕಾಲೇಜು ಮುಗಿಯೋವರೆಗೆ ನಾನೂ ಹಾಗೇ ನಂಬಿದ್ದೆ. ಆದರೆ ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಜಗನ್ಮೋಹನ ಅರಮನೆಯ 'ಗ್ಲೋ ಆಫ್ ಹೋಪ್' ಬರೆದಿದ್ದು 1945-46ರ ಸುಮಾರಿಗೆ. ಬರೆದವರು ಸಾವಂತವಾಡಿ ಕಡೆಯವರು, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಎಸ್. ಎಲ್. ಹಳದಣಕರ್.

ಹೆಸರು ತಪ್ಪಿದರೆ ಚಿತ್ರವನ್ನು ನೋಡೋದೂ ತಪ್ಪುತ್ತೆ. ರವಿವರ್ಮ ಅಂದರೆ ಎಣ್ಣೆಬಣ್ಣ ಅಂತ ನಮ್ಮ ತಲೆಯಲ್ಲಿ ಕೂತಿದೆ. ಇದು ಜಲವರ್ಣ. ಎಣ್ಣೆಬಣ್ಣದಲ್ಲಿ ಮೊದಲು ಕತ್ತಲು ಬಳಿದು, ಆಮೇಲೆ ಅದರ ಮೇಲೆ ಬೆಳಕು ಕೂರಿಸಬಹುದು. ಜಲವರ್ಣದಲ್ಲಿ ಬೆಳಕು ಅಂದರೆ ಕೆಳಗಿನ ಬಿಳಿ ಕಾಗದವೇ. ಹೊಳೆಯಬೇಕಾದ ಕಡೆ ಬಣ್ಣ ತೆಳುವಾಗಿ ಉಳಿಸಿಕೊಂಡು ಸುತ್ತಲೂ ಕತ್ತಲು ಕಟ್ಟುತ್ತಾ ಬರಬೇಕು. ಆ ಕತ್ತಲು ಬೆರಳಿನೊಳಗೆ ಹರಿದರೆ ಮುಗೀತು. ಕಂಟ್ರೋಲ್ ಝಡ್ ಇಲ್ಲ.

ಈಗ ಆ ಕೈ ನೋಡಿ. ಒಂದರಲ್ಲಿ ದೀಪ, ಇನ್ನೊಂದು ಅಂಗೈ ಅದಕ್ಕೆ ಮರೆ. ಬೆರಳುಗಳ ಅಂಚಲ್ಲಿ ಕೆಂಪು. ಮೊಬೈಲ್ ಟಾರ್ಚ್ ಮೇಲೆ ಬೆರಳಿಟ್ಟರೆ ಕಾಣುತ್ತಲ್ಲ, ಅದೇ. ಫ್ರಾನ್ಸಿನ ಜಾರ್ಜ್ ದ ಲಾ ಟೂರ್ 1640ರ ದಶಕದಲ್ಲಿ ಬಡಗಿ ಸಂತ ಜೋಸೆಫನ ಚಿತ್ರ ಬರೆದ, ಈಗ ಲೂವ್ರ್‌ನಲ್ಲಿದೆ. ಅದರಲ್ಲಿ ಬಾಲ ಯೇಸು ಮೇಣದಬತ್ತಿಗೆ ಹೀಗೇ ಕೈ ಅಡ್ಡ ಹಿಡಿದಿದ್ದಾನೆ, ಬೆರಳು ಹೀಗೇ ಬೆಳಗುತ್ತೆ. ಅಲ್ಲಿ ಮಗು ಅಪ್ಪನ ಕೆಲಸಕ್ಕೆ ಬೆಳಕು ಹಿಡಿದಿದೆ. ಇಲ್ಲಿ ಇವಳು ಒಬ್ಬಳೇ.

ಎಲ್ಲರೂ ಇದನ್ನ ಭರವಸೆ ಅಂತಾರೆ, ಹೆಸರಲ್ಲೇ ಇದೆಯಲ್ಲ. ನನಗೆ ಕಾಣೋದು ಎಚ್ಚರ. ಅಮ್ಮ ಗಾಳಿಯಲ್ಲಿ ತುಳಸಿಕಟ್ಟೆಗೆ ದೀಪ ಒಯ್ಯೋವಾಗ ಮಾತು ನಿಲ್ಲಿಸಿ, ಹೆಜ್ಜೆ ಸಣ್ಣದು ಮಾಡ್ತಾಳಲ್ಲ, ಆ ಎಚ್ಚರ. ಅದನ್ನ ಮುಖದಲ್ಲಿ ಹುಡುಕಬೇಡಿ, ಅಂಗೈಯಲ್ಲಿದೆ. ಬರೆದವರ ಕೈಯಲ್ಲೂ ಅದೇ ಎಚ್ಚರ ಇದ್ದಿರಬೇಕು.

ದೀಪ ಹಿಡಿದು ನಿಂತವರು ಹಳದಣಕರ್ ಅವರ ಮಗಳು ಗೀತಾ. ನೂರು ವರ್ಷ ದಾಟಿ, 2018ರಲ್ಲಿ ಹೋದರು. ನಾನು ಶಾಲೆಯ ಟ್ರಿಪ್‌ನಲ್ಲಿ ಆ ಚಿತ್ರದ ಮುಂದೆ ನಿಂತು "ರವಿವರ್ಮ!" ಅಂದಾಗ ಅವರಿನ್ನೂ ಬದುಕಿದ್ದರು.

ಪ್ರಿಂಟ್ ತಗೊಂಡೆ. ವಿಡಿಯೋದಲ್ಲಿ ತೋರಿಸಿದ್ದು ಅದೇ, ಕೆಂಪು ಸ್ವಲ್ಪ ಜಾಸ್ತಿಯಾಗಿದೆ. ಹಿಂಬದಿಯಲ್ಲಿ ಪೆನ್ಸಿಲಿಂದ ಇಬ್ಬರ ಹೆಸರೂ ಬರೆದಿಟ್ಟಿದ್ದೀನಿ.